ಹೆಸರಿನ ನಡುವೆ ಒಂದು ಕುಡಿ ಮರುಗ

ಯಾವ ಬೆಟ್ಟವನ್ನು ಎಲ್ಲಿಡಬೇಕು ಎಂದು ಇನ್ನೂ ಪೂರ್ತಿ ತೀರ್ಮಾನವಾಗಿರದ ಕಾಲ ಅದು. ಲೋಕ ಹೊಸದು. ಹೊಳೆಗೆ ಹರಿಯುವುದು ಹೊಸದು, ಕೋಳಿಗೆ ಕೂಗುವುದು ಹೊಸದು, ಮನುಷ್ಯರಿಗಂತೂ ಮಾತಾಡುವುದೇ ಹೊಸದು.

ಆಗ ಹೆಸರುಗಳನ್ನು ಮಾಡಿಕೊಡುತ್ತಿದ್ದವನು ಯಾರು ಗೊತ್ತೆ? ಮರಕುಟಿಗ. ನಗಬೇಡಿ. ಉಳಿಯಂಥ ಕೊಕ್ಕು ಇದ್ದದ್ದು ಅವನೊಬ್ಬನಿಗೇ, ಇನ್ಯಾರು ಮಾಡಬೇಕಿತ್ತು? ಯಾರಿಗೆ ಹೆಸರು ಬೇಕಾದರೂ ಅವನ ಮರದ ಬುಡಕ್ಕೆ ಹೋಗಿ ನಿಲ್ಲಬೇಕು. ಅವನು ಕೆಂಪು ಜುಟ್ಟು ಓರೆ ಮಾಡಿ ಒಮ್ಮೆ ನೋಡಿ, ಟಕಟಕಟಕ ಎಂದು ಒಂದು ಹೆಸರು ಕೆತ್ತಿ ಕೆಳಗೆ ಹಾಕುತ್ತಿದ್ದ. ಎತ್ತಿಕೊಂಡು ಮನೆಗೆ ಬಂದರಾಯಿತು.

ಕೆಲಸದಲ್ಲಿ ಮರಕುಟಿಗನದು ಒಂದೇ ಹಟ. ಸದ್ದಿಗೆ ಸದ್ದು ಬಿಗಿಯಾಗಿ ಕೂರಬೇಕು, ನಡುವೆ ಒಂದು ಎಳ್ಳುಕಾಳೂ ತೂರಬಾರದು. ತೂರಿದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೊಳೆಯ ಈ ದಡದಲ್ಲಿ ಸುಗ್ಗವ್ವ ಎಂಬ ಅಜ್ಜಿ ಇದ್ದಳು. ಅವಳ ಕೆಲಸ ಹೂ ಕಟ್ಟುವುದು. ಬಾಳೆನಾರನ್ನು ನೀರಲ್ಲಿ ನೆನೆಸಿ, ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂರುವಳು. ಈ ಕಡೆಗೆರಡು ಮಲ್ಲಿಗೆ, ಆ ಕಡೆಗೆರಡು ಮಲ್ಲಿಗೆ, ನಡುವೆ ಘಮಘಮಿಸುವ ಎಲೆಯ ಒಂದು ಕುಡಿ ಮರುಗ. ಒಂದು ಸುತ್ತು, ಒಂದು ಗಂಟು. ಮತ್ತೆ ಈ ಕಡೆಗೆರಡು, ಆ ಕಡೆಗೆರಡು, ನಡುವೆ ಒಂದು ಕುಡಿ ಮರುಗ. ಹೀಗೆ ಮೊಳಗಟ್ಟಲೆ ಕಟ್ಟುವಳು. ಆಗೆಲ್ಲ ಎಮ್ಮೆಯ ಕೊಂಬಿಗೂ ಹೂ ಬೇಕಿತ್ತು, ಹುಣಸೆಮರದ ಸೊಂಟಕ್ಕೂ ಬೇಕಿತ್ತು, ಆಮೆಯ ಬೆನ್ನಿಗೂ ಬೇಕಿತ್ತು. ಎಲ್ಲರೂ ಸುಗ್ಗವ್ವನ ಜಗಲಿಗೇ ಬರುತ್ತಿದ್ದರು.

ಅವಳಿಗೊಬ್ಬಳು ಮೊಮ್ಮಗಳು. ಮಗು ಹುಟ್ಟಿದಾಗ ಸುಗ್ಗವ್ವ ಒಂದು ಮಾರು ಹೂ ಹಿಡಿದು ಮರಕುಟಿಗನ ಹತ್ತಿರ ಹೋಗಿದ್ದಳು. "ನನ್ನ ಕೂಸಿಗೆ ಊರಲ್ಲಿ ಯಾರ್ಗೂ ಇಲ್ದಿರೋ ಹೆಸರು ಬೇಕು ಕಣಪ್ಪ," ಅಂದಿದ್ದಳು.

ಮರಕುಟಿಗ ಮೂರು ದಿನ ಕೂತು ಕೆತ್ತಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಪದ್ಮ," ಎಂದ. "ಇದು ತಾವರೆಯ ಹೆಸರು. ನಡುವಿನ ಬಿಗಿಯನ್ನು ಗಮನಿಸು. ಇಂಥದ್ದನ್ನು ನಾನು ಹಿಂದೆ ಕೆತ್ತಿಲ್ಲ, ಮುಂದೆ ಕೆತ್ತುವುದೂ ಇಲ್ಲ." ಅವನು ಮಾತಾಡುವುದೇ ಹಾಗೆ, ಸಭೆಯಲ್ಲಿ ನಿಂತವರ ಥರ.

ಸುಗ್ಗವ್ವ ಹಿಗ್ಗಿಹೋದಳು. ನೆರೆಹೊರೆಯಲ್ಲಿ ಕೆಂಚ, ಗೌರಿ, ಮುನಿಯ ಎಂಬ ಮೆತ್ತನೆಯ ಹೆಸರುಗಳು ಕೇಳಿದಾಗಲೆಲ್ಲ ಅವಳ ಮೂಗು ಒಂದಿಷ್ಟು ಮೇಲೇರುತ್ತಿತ್ತು. ಹೇಳಬಾರದು, ಆದರೂ ಹೇಳಿಬಿಟ್ಟೆ.

ಆ ಕಾಲದಲ್ಲಿ ಒಂದು ತೊಂದರೆ ಇತ್ತು. ದಾರಿಗಳು ಇನ್ನೂ ಪಳಗಿರಲಿಲ್ಲ. ನೀವು ನಡೆದು ಹೋದಿರೋ, ಹಿಂದೆಯೇ ಹುಲ್ಲು ಎದ್ದು ನಿಂತು ಹೆಜ್ಜೆ ಮುಚ್ಚಿಬಿಡುತ್ತಿತ್ತು. ಹಾಗಾಗಿ ದಿನಾ ಸಂಜೆ ಮನೆಮನೆಯ ಹೊಸಿಲಲ್ಲಿ ಯಾರಾದರೊಬ್ಬರು ನಿಂತು ತಮ್ಮವರನ್ನು ಹೆಸರು ಹಿಡಿದು ಕರೆಯಬೇಕಿತ್ತು. ಆ ದನಿಯ ಜಾಡಿನಲ್ಲೇ ನಡೆದರೆ ಮಾತ್ರ ಹುಲ್ಲು ದಾರಿ ಬಿಡುತ್ತಿತ್ತು. ಬರೀ "ಬಾರೋ", "ಬಾರೇ" ಅಂದರೆ ನಡೆಯದು. ಯಾರ್ಯಾರೋ ಬಂದಾರು! ಹೆಸರೇ ಆಗಬೇಕು, ಮನೆಯವರ ಬಾಯಿಂದಲೇ ಬರಬೇಕು.

ಮೂರು ಸಂಜೆ ಹೆಸರು ಕಿವಿಗೆ ಬೀಳಲಿಲ್ಲವೋ, ಮುಗಿಯಿತು. ಹೋದವರಿಗೆ ಮನೆ ಮರೆತುಹೋಗುತ್ತಿತ್ತು. ಕಿವಿ ಚೂಪಾಗಿ, ಕಾಲು ಸಣ್ಣದಾಗಿ, ಕಾಡಿನಲ್ಲಿ ಜಿಂಕೆಯಾಗಿ ಉಳಿದುಬಿಡುತ್ತಿದ್ದರು.

ಪದ್ಮನಿಗೆ ಏಳು ವರ್ಷ ತುಂಬುವವರೆಗೆ ಏನೂ ಚಿಂತೆ ಇರಲಿಲ್ಲ. ಅವಳು ಹಿತ್ತಲಲ್ಲಿ ಹೂ ಬಿಡಿಸುವಳು, ಅಜ್ಜಿ ಜಗಲಿಯಲ್ಲಿ ಕೂತು "ಪದ್ಮಾ" ಅನ್ನುವಳು, ಅವಳು ಓಡಿ ಬರುವಳು. ಅಪ್ಪ ಅಮ್ಮ ಜೇನು ತರಲು ಗುಡ್ಡದಾಚೆ ಹೋದವರು, ಅಲ್ಲಿ ದಿನಾ ಸಂಜೆ ಒಬ್ಬರ ಹೆಸರನ್ನೊಬ್ಬರು ಕರೆದುಕೊಳ್ಳುತ್ತಾ, ಮಳೆಯ ಹೊತ್ತಿಗೆ ಬರುವವರಿದ್ದರು. ಅಲ್ಲಿಯವರೆಗೆ ಅಜ್ಜಿಗೆ ಮೊಮ್ಮಗಳು, ಮೊಮ್ಮಗಳಿಗೆ ಅಜ್ಜಿ.

ಆ ವರ್ಷ ಚೈತ್ರದಲ್ಲಿ ಹಿತ್ತಲ ಮಲ್ಲಿಗೆ ಬೇಗ ಮುಗಿಯುತ್ತ ಬಂತು. ಹೊಳೆಯ ಆಚೆ ದಡದ ಕಾಡುಮಲ್ಲಿಗೆ ಮಾತ್ರ ಇನ್ನೂ ಬಿರಿಯುತ್ತಿತ್ತು. "ನಾನು ತರ್ತೀನಜ್ಜೀ," ಎಂದು ಪದ್ಮ ಬುಟ್ಟಿ ಹಿಡಿದು ಆಮೆಯ ಬೆನ್ನೇರಿದಳು. ದೋಣಿ ಇನ್ನೂ ಹುಟ್ಟಿರಲಿಲ್ಲ ನೋಡಿ, ಹೊಳೆ ದಾಟಿಸುವುದು ಆಮೆಯ ಕೆಲಸ. ಅದೂ ಮಕ್ಕಳನ್ನು ಮಾತ್ರ.

ಸಂಜೆಯಾಯಿತು. ಸುಗ್ಗವ್ವ ಹೊಸಿಲಲ್ಲಿ ನಿಂತು ಹೆಮ್ಮೆಯಿಂದಲೇ ಕರೆದಳು. "ಪದ್ಮಾ!"

ಗಾಳಿ ಆ ಹೆಸರನ್ನು ಎತ್ತಿಕೊಂಡು ಹೊರಟಿತು. ಹಿತ್ತಲು ದಾಟಿತು. ಹೊಳೆಯ ನಡುವಿಗೆ ಬರುವಷ್ಟರಲ್ಲಿ ಹೆಸರು ಲಟಕ್ಕನೆ ಮುರಿಯಿತು. ಪದ್ ಎಂಬುದು ನೀರಿಗೆ ಬಿದ್ದು ಮುಳುಗಿತು. ಉಳಿದ ಮಾ ಅಡ್ಡಾದಿಡ್ಡಿ ಹಾರಿ, ತಿರುಗಿ ಊರಿನ ಮೇಲೆಯೇ ಬಂದು ಬಿತ್ತು. ಸ್ವಲ್ಪ ಹೊತ್ತಿಗೆ ಊರಿನ ಕರುಗಳೆಲ್ಲ ಬಾಲ ಎತ್ತಿಕೊಂಡು ಓಡಿ ಬಂದು ಸುಗ್ಗವ್ವನ ಅಂಗಳದಲ್ಲಿ ನಿಂತವು. ಅವುಗಳ ಅಮ್ಮನನ್ನು ಅಜ್ಜಿ ಎಲ್ಲಿಂದ ತರಬೇಕು? ಒಂದೊಂದನ್ನೇ ಮನೆಗೆ ಮುಟ್ಟಿಸಿ ಬರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು.

ಪದ್ಮ ಬರಲಿಲ್ಲ.

ಮರುದಿನವಿಡೀ ಸುಗ್ಗವ್ವನ ಕೈ ಹಿತ್ತಲಲ್ಲಿ ಅಳಿದುಳಿದ ಹೂ ಕಟ್ಟುತ್ತಿತ್ತು, ಕಣ್ಣು ಹೊಳೆಯ ಕಡೆಗೇ ಇತ್ತು. ಎರಡನೆಯ ಸಂಜೆ ಅವಳು ದಡದ ಬಂಡೆ ಹತ್ತಿ, ಸೆರಗು ಬಿಗಿದು, ಉಸಿರೆಲ್ಲ ಒಟ್ಟುಮಾಡಿ ಕೂಗಿದಳು. "ಪದ್ಮಾ!"

ಜೋರಾಗಿ ಕೂಗಿದ್ದಕ್ಕೆ ಹೆಸರು ಇನ್ನೂ ಜೋರಾಗಿ ಮುರಿಯಿತು. ಪದ್ ಹೋಗಿ ಆಮೆಯ ಬೆನ್ನಿಗೆ ಠಣ್ಣೆಂದು ಬಡಿಯಿತು. ಮಾ ಎಂಬುದು ಹಾರಿ ಆಲದ ಮರದ ಜೇನುಗೂಡಿನೊಳಗೆ ನುಗ್ಗಿತು. ಜೇನುಹುಳಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿಕೊಂಡು, ಮ್ಮ್ಮ್ಮ್ ಅನ್ನತೊಡಗಿದವು. ಇನ್ನೂ ನಿಲ್ಲಿಸಿಲ್ಲ.

"ಅಜ್ಜೀ, ನನ್ ಬೆನ್ನು!" ಎಂದಿತು ಆಮೆ.

"ನಿನ್ ಬೆನ್ನಿಗೇನಾಯ್ತು, ಕಲ್ಲಿದ್ದಂಗೈತೆ. ನನ್ ಮಗಳು ಎಲ್ಲವಳೆ ಅದನ್ನ ಹೇಳು. ಹೋಗಿ ಹುಡುಕ್ಕೊಂಡು ಬಾರಪ್ಪ."

"ನಾನಾ? ಕಾಡು ಸುತ್ತಿ ಬರೋ ಹೊತ್ಗೆ ಅವಳ ಮಕ್ಕಳ ಮದ್ವೆ ಆಗಿರ್ತದೆ."

"ಹಂಗಾದ್ರೆ ನನ್ನನ್ನೇ ಆಚೆಗೆ ದಾಟಿಸು."

ಆಮೆ ಸುಗ್ಗವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಮೆಲ್ಲಗೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಸುಗ್ಗವ್ವ ಗಾಳಿಯ ಮೇಲೆ ಹರಿಹಾಯ್ದಳು. "ಗಾಳಿಯಣ್ಣ, ಇಷ್ಟು ಚಿಕ್ಕ ಹೆಸರು ಹೊರೋಕಾಗಲ್ವಾ ನಿನ್ ಕೈಲಿ? ಮೋಡ ಹೊರ್ತೀಯ, ಧೂಳು ಹೊರ್ತೀಯ!"

"ಸುಗ್ಗವ್ವ, ಬಯ್ಬೇಡ," ಎಂದಿತು ಗಾಳಿ. ಅದಕ್ಕೂ ಅಳು ಬಂದಿತ್ತು. "ಹತ್ರಕ್ಕಾದ್ರೆ ಹೆಂಗೋ ಎತ್ಕೊಂಡೋಗ್ಬೋದು. ದೂರ ಅಂದ್ರೆ ನಡುವೆ ಹಿಡ್ಕೊಳ್ಳೋಕೆ ಜಾಗ ಬೇಕು. ಇದ್ರಲ್ಲಿ ಜಾಗಾನೇ ಇಲ್ಲ. ಒಂದ್ರ ಮೇಲೊಂದು ಒತ್ಕೊಂಡು ಕೂತವೆ, ಸ್ವಲ್ಪ ಅಲುಗಿದ್ರೆ ಕಿತ್ಕೋತವೆ." ಆಮೇಲೆ ದನಿ ತಗ್ಗಿಸಿ, "ನೋಡ್ಕೊಂಡು ಬಂದೆ. ಜಿಂಕೆಗಳ ಜೊತೆ ಆಡ್ಕೊಂಡವಳೆ. ಒಂದ್ ಕಿವಿ ತುದಿ ಚೂಪಾಗ್ತಾ ಐತೆ ಕಣವ್ವ," ಎಂದಿತು.

ಒಂದೇ ಒಂದು ಸಂಜೆ ಉಳಿದಿತ್ತು.

ಬೆಳಕು ಹರಿಯುತ್ತಲೇ ಅವಳು ಮರಕುಟಿಗನ ಮರದ ಬುಡದಲ್ಲಿದ್ದಳು. "ಅಪ್ಪಾ, ಆ ಹೆಸರನ್ನ ಒಂಚೂರು ಸಡ್ಲ ಮಾಡ್ಕೊಡು. ನಿನ್ ಕಾಲಿಗೆ ಬೀಳ್ತೀನಿ."

ಮರಕುಟಿಗನ ಜುಟ್ಟು ನೆಟ್ಟಗಾಯಿತು. "ಸಡಿಲ? ನಾನು? ನನ್ನ ಕೈಯಿಂದ ಹೊರಟ ಕೆಲಸವನ್ನು ನಾನು ಮತ್ತೆ ಮುಟ್ಟುವುದಿಲ್ಲ. ಹೆಸರಿನಲ್ಲಿ ದೋಷವಿಲ್ಲ. ಕರೆಯುವವರಲ್ಲಿ ಇರಬಹುದು." ಹೀಗೆ ಹೇಳಿ ಬೆನ್ನು ತಿರುಗಿಸಿ ಟಕಟಕಟಕಟಕ ಎಂದು ಬಡಿಯತೊಡಗಿದ. ಆಗ ಅವನ ಬಡಿತಕ್ಕೆ ನಡುವೆ ಬಿಡುವೇ ಇರುತ್ತಿರಲಿಲ್ಲ.

ಸುಗ್ಗವ್ವ ಮನೆಗೆ ಬಂದು ಜಗಲಿಯಲ್ಲಿ ಕುಸಿದಳು. ಅಳು ಬಂತು, ಅತ್ತಳು. ಏಳು ವರ್ಷ ಮೂಗು ಮೇಲೆತ್ತಿಕೊಂಡು ಓಡಾಡಿದ್ದಕ್ಕೂ ಸೇರಿಸಿ ಅತ್ತಳು. ನಮ್ಮ ಕೂಸಿನ ಹೆಸರು ಕೆಂಚಿ ಎಂದಿದ್ದರೆ ಸಾಕಿತ್ತಲ್ಲ ಎಂದು ಹಣೆ ಚಚ್ಚಿಕೊಂಡಳು.

ಮೂಗೊರೆಸಿಕೊಳ್ಳಲು ಸೆರಗು ಎಳೆದಾಗ, ನಿನ್ನೆ ಕಟ್ಟಿಟ್ಟ ಹೂವಿನ ಮಾಲೆ ಕಣ್ಣಿಗೆ ಬಿತ್ತು. ಥೂ, ಏನಾಗಿದೆ ಇದಕ್ಕೆ! ಮಲ್ಲಿಗೆಗಳೆಲ್ಲ ಕಂದಿಹೋಗಿದ್ದವು. ಹೂವಿಗೆ ಹೂ ಒತ್ತಿಕೊಂಡು ಕೆಲವುಗಳ ಕತ್ತೇ ಮುರಿದಿತ್ತು. ಎತ್ತಿದರೆ ನಡುವೆ ತುಂಡಾಗಿ, ಒಂದು ತುದಿ ಕೈಯಲ್ಲಿ, ಒಂದು ತುದಿ ನೆಲದಲ್ಲಿ.

ಇಷ್ಟು ವರ್ಷದಲ್ಲಿ ಸುಗ್ಗವ್ವ ಕಟ್ಟಿದ ಮಾಲೆ ಹೀಗಾದದ್ದೇ ಇಲ್ಲ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಪಕ್ಕದ ಬುಟ್ಟಿ ನೋಡಿದಳು. ನಿನ್ನೆ ಕಿತ್ತು ತಂದ ಮರುಗವೆಲ್ಲ ಹಾಗೇ ಉಳಿದಿತ್ತು. ಹೊಳೆಯ ಕಡೆ ನೋಡುವ ಗಡಿಬಿಡಿಯಲ್ಲಿ ನಡುವೆ ಮರುಗ ಇಡುವುದನ್ನೇ ಮರೆತಿದ್ದಳು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಸುಗ್ಗವ್ವ ಎದ್ದು ನಿಂತಳು. "ಹೆಸರಿಗೂ ಇದೇ ಆಗಿರೋದು. ನಡುವೆ ಮರುಗ ಇಲ್ಲ!"

ಹೂವಿಗಾದರೆ ಮರುಗ ಪಾತಿಯಲ್ಲಿದೆ. ಹೆಸರಿಗೆ ಎಲ್ಲಿಂದ ತರುವುದು? ಸದ್ದಿನ ನಡುವೆ ಇಡುವುದಕ್ಕೆ ಸದ್ದೇ ಬೇಕು. ಸಣ್ಣದಿರಬೇಕು, ಮೆತ್ತಗಿರಬೇಕು, ತನ್ನದೇ ಮೆರೆಯಬಾರದು. ಸುಗ್ಗವ್ವ ಬುಟ್ಟಿ ಹಿಡಿದು ಸದ್ದು ಕೇಳಲು ಹೊರಟಳು.

ಕಾಗೆ ತಕ್ಷಣ ತನ್ನದನ್ನು ಕೊಟ್ಟಿತು. "ಕಾ ತಗೋ!" ಸುಗ್ಗವ್ವ ನಡುವೆ ಇಟ್ಟು ನೋಡಿದಳು. "ಪದ್‌ಕಾಮ." ಕಾಗೆಗೇ ನಗು ತಡೆಯಲಾಗಲಿಲ್ಲ.

ಕಪ್ಪೆ ಉಬ್ಬಿಕೊಂಡು ಬಂತು. "ವಟರ್ ತಗೊಳ್ಳಿ, ಒಳ್ಳೆ ಗಟ್ಟಿ ಮಾಲು." "ಪದ್‌ವಟರ್‌ಮ." ಸುಗ್ಗವ್ವನ ಬಾಯಲ್ಲಿ ಉಳಿದಿದ್ದ ಒಂದೇ ಹಲ್ಲು ಅಲುಗಾಡಿತು. ಅವಳು ಆ ಸದ್ದನ್ನು ಮರ್ಯಾದೆಯಿಂದಲೇ ಹಿಂದಕ್ಕೆ ಕೊಟ್ಟಳು.

ಎಮ್ಮೆ ತನ್ನ ಸದ್ದು ಕೊಡಲು ಬಾಯಿ ತೆರೆದದ್ದನ್ನು ನೋಡಿಯೇ ಅಜ್ಜಿ ಕೈಮುಗಿದು ಮುಂದೆ ನಡೆದಳು.

ಹೊತ್ತು ಇಳಿಯುತ್ತಿತ್ತು. ಮಾವಿನ ಮರದ ಚಿಗುರಿನೊಳಗೆ ಕೋಗಿಲೆ ಹಾಡುತ್ತಿತ್ತು. ಆ ಕಾಲದ ಕೋಗಿಲೆಯ ಹಾಡು ಈಗಿನಷ್ಟು ಚಿಕ್ಕದಲ್ಲ. ಕುಹೂ ಎಂದು ಶುರುಮಾಡಿದರೆ ಕೊನೆಯ ಉಊಊ ಎಂಬುದು ಊರಾಚೆಯ ಕೆರೆಯವರೆಗೆ ಉದ್ದಕ್ಕೆ ಹೋಗುತ್ತಿತ್ತು.

"ಕೋಗಿಲೇ, ನಿನ್ ಹತ್ರ ಒಂದ್ ಸಣ್ಣ ಸದ್ದು ಇದ್ರೆ ಕೊಡವ್ವ," ಎಂದು ಸುಗ್ಗವ್ವ ಎಲ್ಲವನ್ನೂ ಹೇಳಿದಳು.

"ನನ್ ಹಾಡಿನ ಬಾಲ ನಂಗೇ ಹೆಚ್ಚಾಗೈತೆ ಕಣಜ್ಜಿ," ಎಂದಿತು ಕೋಗಿಲೆ. "ಬೇಕಾದಷ್ಟು ಕಿತ್ಕೋ." ಕೆಳಗಿನ ಕೊಂಬೆಗೆ ಇಳಿದು, ತನ್ನ ಹಾಡಿನ ತುದಿಯನ್ನು ಸುಗ್ಗವ್ವನ ಬೊಗಸೆಯೊಳಗೆ ಹಾಕಿತು. ಉ. ಬೊಗಸೆಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ.

ಸುಗ್ಗವ್ವ ಬೊಗಸೆ ಬಿಡದೆ ಹೊಳೆಗೆ ಓಡಿದಳು. ಅವಳು ಓಡಿದ್ದನ್ನು ಊರಿನವರು ಅದೇ ಮೊದಲು ನೋಡಿದ್ದು. ಬಂಡೆಯ ಮೇಲೆ ಕೂತು, ಹೆಬ್ಬೆರಳು ತೋರುಬೆರಳಿನ ನಡುವೆ ಉ ಹಿಡಿದು, ಹೂ ಕಟ್ಟುವ ಹಾಗೆಯೇ ಕಟ್ಟಿದಳು. ಈ ಕಡೆಗೆ ಪದ್, ಆ ಕಡೆಗೆ ಮ, ನಡುವೆ ಒಂದು ಕುಡಿ ಉ. ಒಂದು ಸುತ್ತು, ಒಂದು ಗಂಟು.

ಸೂರ್ಯ ಗುಡ್ಡಕ್ಕೆ ಮುಟ್ಟುವುದರಲ್ಲಿದ್ದ. ಸುಗ್ಗವ್ವ ಎದ್ದು ನಿಂತು ಕರೆದಳು.

"ಪದುಮಾ... ಓ ಪದುಮಾ..."

ಗಾಳಿ ಎತ್ತಿಕೊಂಡಿತು. ಈ ಸಲ ನಡುವೆ ಹಿಡಿದುಕೊಳ್ಳಲು ಜಾಗವಿತ್ತು. "ಸಿಕ್ತು ಸುಗ್ಗವ್ವ, ಸಿಕ್ತು!" ಎನ್ನುತ್ತಾ ಗಾಳಿ ಹೊಳೆಯ ಮೇಲೆ ಹಾರಿತು. ಆಮೆ ಬೆನ್ನು ಗಟ್ಟಿಮಾಡಿಕೊಂಡು ಕಣ್ಣು ಮುಚ್ಚಿ ಕಾಯಿತು. ಏನೂ ಬೀಳಲಿಲ್ಲ. ಹೊಳೆ ತನ್ನ ಸದ್ದನ್ನು ತಗ್ಗಿಸಿಕೊಂಡು ದಾರಿ ಬಿಟ್ಟಿತು. ಹೆಸರು ಆಚೆ ದಡ ಮುಟ್ಟಿತು, ಬಿದಿರಿನ ಮೆಳೆ ದಾಟಿತು, ಕಾಡಿನೊಳಗೆ ಹೋಯಿತು.

ಸುಗ್ಗವ್ವ ಕಿವಿಗೆ ಕೈ ಆನಿಸಿ ನಿಂತಳು. ಒಂದು ಗಳಿಗೆ. ಎರಡು ಗಳಿಗೆ.

"ಓ ಅಜ್ಜೀ!"

ಹುಲ್ಲು ಸರಸರನೆ ಬಾಗಿ ದಾರಿ ಬಿಟ್ಟಿತು. ಬುಟ್ಟಿ ತುಂಬ ಕಾಡುಮಲ್ಲಿಗೆ ಹೊತ್ತು ಮೊಮ್ಮಗಳು ಓಡೋಡಿ ಬಂದಳು, ಆಮೆಯ ಬೆನ್ನಿಗೆ ಹಾರಿದಳು. ಆಮೆ ಹುಟ್ಟಿದಂದಿನಿಂದ ಅಷ್ಟು ಬೇಗ ಈಜಿರಲಿಲ್ಲ.

"ಎಲ್ಲಿ ಹೋಗಿದ್ಯೇ ನನ್ನವ್ವ, ನನ್ನ ಬಂಗಾರ, ನನ್ನ ಕತ್ತೆ!" ಎಂದು ಸುಗ್ಗವ್ವ ಅವಳನ್ನು ಅಪ್ಪಿಕೊಂಡಳು. ಬಯ್ದಳು, ಮುದ್ದಿಸಿದಳು, ಮತ್ತೆ ಬಯ್ದಳು.

"ಅಜ್ಜೀ, ಎರಡ್ ದಿನ ನೀನು ಕರೀಲೇ ಇಲ್ಲ," ಎಂದಳು ಮೊಮ್ಮಗಳು. "ಇವತ್ತು ಕರ್ದೆ. ನನ್ ಹೆಸರು ಘಮಘಮ ಅಂತಿತ್ತು."

ಅವಳ ಎಡಗಿವಿಯ ತುದಿ ಮಾತ್ರ ಒಂದಿಷ್ಟು ಚೂಪಾಗಿತ್ತು. ಅದು ಕೊನೆಯವರೆಗೂ ಹಾಗೇ ಉಳಿಯಿತು, ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ.

ಸುದ್ದಿ ಮರಕುಟಿಗನಿಗೆ ಮುಟ್ಟದೆ ಇರುತ್ತದೆಯೆ? ಮರುದಿನ ಬೆಳಿಗ್ಗೆ ಅವನು ಹಾರಿ ಬಂದು ಸುಗ್ಗವ್ವನ ಬಾಗಿಲ ಕಂಬಕ್ಕೆ ಅಂಟಿಕೊಂಡ. "ನನ್ನ ಕೆತ್ತನೆಯ ನಡುವೆ ಕಸ ತುರುಕಿದವರು ಯಾರು?"

"ಕಸ ಅಲ್ಲ ಕಣಪ್ಪ, ಮರುಗ," ಎಂದಳು ಸುಗ್ಗವ್ವ.

"ಬಡಿದು ಮುಚ್ಚುತ್ತೇನೆ!" ಎಂದು ಅವನು ಹೋದ. ದಿನವಿಡೀ ಬಡಿದ. ಅವನು ಒಂದು ಕಡೆ ಮುಚ್ಚಿದರೆ ಊರಿನವರು ಹತ್ತು ಕಡೆ ತೆರೆಯುತ್ತಿದ್ದರು. ಎಲ್ಲರಿಗೂ ಪದುಮ, ಪದುಮ ಎಂದು ಕರೆಯುವುದೇ ಒಂದು ಆಟವಾಗಿತ್ತು.

ಸಂಜೆ ಊರಿನ ಕರೆಗಳೆಲ್ಲ ಮುಗಿದ ಮೇಲೂ ಒಂದು ದನಿ ನಿಲ್ಲಲಿಲ್ಲ. "ರತ್ನ! ರತ್ನ!" ಮರಕುಟಿಗನ ಮರಿಗೆ ಅಂದೇ ರೆಕ್ಕೆ ಬಲಿತಿತ್ತು, ಅದು ಹಾರಿ ಹೊಳೆಯಾಚೆ ಹೋಗಿತ್ತು. ಅದಕ್ಕೂ ಅಪ್ಪನೇ ಹೆಸರು ಕೆತ್ತಿದ್ದ, ತುಂಬ ಬಿಗಿಯಾಗಿ. ಅವನು ಕರೆಯುತ್ತಿದ್ದ, ಹೆಸರು ಹೊಳೆಯ ಮೇಲೆ ಮುರಿಯುತ್ತಿತ್ತು. ಕರೆಯುತ್ತಿದ್ದ, ಮುರಿಯುತ್ತಿತ್ತು.

ಕೊನೆಗೆ ಅವನು ಸುಗ್ಗವ್ವನ ಜಗಲಿಗೆ ಬಂದು ಇಳಿದ. ಜುಟ್ಟು ಪೂರ್ತಿ ಕೆಳಗಿತ್ತು. "ಸುಗ್ಗವ್ವ," ಎಂದ, "ಆ ಮರುಗ... ಇನ್ನೊಂದು ಕುಡಿ ಉಳಿದಿದೆಯೆ?"

ನಾನಾಗಿದ್ದರೆ ಒಂದು ಮಾತು ಅಂದೇ ಬಿಡುತ್ತಿದ್ದೆ. ಸುಗ್ಗವ್ವ ಏನೂ ಅನ್ನಲಿಲ್ಲ. ಕಳೆದ ಮೂರು ಸಂಜೆ ಹೇಗಿದ್ದವು ಎಂಬುದು ಅವಳಿಗೆ ಗೊತ್ತಿತ್ತು. ಕೋಗಿಲೆ ಕೊಟ್ಟದ್ದರಲ್ಲಿ ಒಂದು ಕುಡಿ ಚಿವುಟಿ, ಅವನ ಹೆಸರಿನ ನಡುವೆ ಇಟ್ಟು ಕಟ್ಟಿಕೊಟ್ಟಳು.

"ರತುನಾ..." ಎಂದು ಕರೆದ ಮರಕುಟಿಗ. ಅವನ ದನಿ ಅಷ್ಟು ಮೆತ್ತಗಾದದ್ದು ಅದೇ ಮೊದಲು. ಹೊಳೆಯ ಮೇಲೆ ಪುಟ್ಟ ಕೆಂಪು ಜುಟ್ಟೊಂದು ಹಾರಿ ಬರುವುದನ್ನು ಎಲ್ಲರಿಗಿಂತ ಮೊದಲು ಕಂಡು ಕೂಗಿದವಳು ಪದುಮ.

ಆಮೇಲೆ ಮರಕುಟಿಗನೇ ಕಲಿತ. ಹೆಸರು ಕೆತ್ತಿ ಮುಗಿಸಿ, "ಗಟ್ಟಿಯಾಯಿತು ಅನ್ನಿಸಿದರೆ ಸುಗ್ಗವ್ವನ ಹತ್ತಿರ ಹೋಗಿ," ಎಂದು ತಾನೇ ಕಳಿಸತೊಡಗಿದ. ಜೀರುಂಡೆ ತನ್ನ ಹತ್ತಿರ ರಾಶಿಗಟ್ಟಲೆ ಬಿದ್ದಿದ್ದ ಇ ಎಂಬುದನ್ನು ತಂದು ಜಗಲಿಯಲ್ಲಿ ಸುರಿಯಿತು. ಚಂದ್ರನನ್ನು ಚಂದಿರ ಎಂದು ಕರೆದದ್ದು ಆಗಲೇ. ಅಷ್ಟು ದೂರದಲ್ಲಿದ್ದರೂ ಅವನಿಗೆ ಕೇಳಿಸಿ, ಸಂಜೆಗೆ ಸರಿಯಾಗಿ ಬರತೊಡಗಿದ. ಸೂರ್ಯನೂ ಸೂರಿಯ ಎಂದರೆ ತಿರುಗಿ ನೋಡಿದ.

ಸುಗ್ಗವ್ವ ಹೂ ಕಟ್ಟುವುದನ್ನು ಪದುಮನಿಗೆ ಕಲಿಸಿದಳು, ಪದುಮ ತನ್ನ ಮೊಮ್ಮಕ್ಕಳಿಗೆ ಕಲಿಸಿದಳು. ಎಲ್ಲರ ಬೆರಳಿಗೂ ನಾಲಿಗೆಗೂ ಅದು ಒಟ್ಟಿಗೇ ಬಂತು. ಈಗ ಎಷ್ಟೋ ದೂರದಿಂದ ಒರಟು ಮಾತುಗಳು ನಮ್ಮೂರಿಗೆ ಬಂದು ಇಳಿಯುತ್ತವೆ. ಅಜ್ಜಿಯರು ಅವನ್ನೂ ಬರಿಗೈಯಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮುಂದೆ ಒಂದು ಕುಡಿ ಇ, ಹಿಂದೆ ಒಂದು ಕುಡಿ ಉ ಇಟ್ಟು, ಇಸ್ಕೂಲು ಎಂದು ಕಟ್ಟಿ ಮಕ್ಕಳ ಕೈಗೆ ಕೊಡುತ್ತಾರೆ. ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ಅಜ್ಜಿಯೂ ನಗುತ್ತಾಳೆ.

ಮರಕುಟಿಗ ಇಂದಿಗೂ ಮರ ಬಡಿಯುತ್ತಾ ಬಡಿಯುತ್ತಾ ನಡುವೆ ಒಮ್ಮೆ ನಿಲ್ಲಿಸುತ್ತಾನೆ, ಕೇಳಿ ನೋಡಿ. ಚೈತ್ರದಲ್ಲಿ ನೀವು ಕುಹೂ ಎಂದರೆ ಕೋಗಿಲೆ ಮತ್ತೆ ಕುಹೂ ಎನ್ನುವುದು, ಕೊಟ್ಟದ್ದು ಸಾಕಾಯಿತೇ, ಇನ್ನೂ ಬೇಕೇ ಎಂದು ಕೇಳಲಿಕ್ಕೆ.

ಬಯಲಾಚೆ ಆಡುತ್ತಿರುವ ನಿಮ್ಮನ್ನು ಸಂಜೆ ಅಜ್ಜಿ ಕರೆಯುವಾಗ ನಿಮ್ಮ ಪುಟ್ಟ ಹೆಸರು ಅವಳ ಬಾಯಲ್ಲಿ ಅಷ್ಟು ಉದ್ದವಾಗುವುದೂ, ಆಗ ಕಾಡಿನಂಚಿನಲ್ಲಿ ಮೇಯುತ್ತಿರುವ ಜಿಂಕೆ ತಟ್ಟನೆ ತಲೆಯೆತ್ತಿ, ಕಿವಿ ನಿಮಿರಿಸಿ, ಇದು ನನ್ನದೇ ಇರಬಹುದೇ ಎಂದು ನಿಂತು ಕೇಳುವುದೂ ಅದಕ್ಕೇ.